ಒಂದು ಇಂಡೆಂಟಿಗೆ ಒಂದೇ ನಮೂದು
ಅಂತರ್ಜಾಲದ ಅರ್ಜಿಗಳು ಇಮ್ಮಡಿಯಾಗದಂತೆ ತಡೆಯುವ ವಿಧಾನ

ಮೇ ತಿಂಗಳು ಬಂತೆಂದರೆ ಅಡಿಕೆ ಬೆಳೆಗಾರರಿಗೆ ಮೈಲುತುತ್ತದ ಚಿಂತೆ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನ ಬಿಟ್ಟು ಇನ್ನೊಂದು ಸಲ ಕೊಳೆಮದ್ದು ಹೊಡೆಯದಿದ್ದರೆ ಫಸಲಿನ ಆಸೆ ಬಿಡಬೇಕಾದೀತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಶೇಕಡಾ ಒಂದರ ಬೋರ್ಡೋ ದ್ರಾವಣದ ಲೆಕ್ಕ ನಮಗೆಲ್ಲ ಬಾಯಿಪಾಠ. ಕಾಫಿ ತೋಟದವರಿಗೂ ಈ ದ್ರಾವಣ ಬೇಕೇ ಬೇಕು. ಹೀಗಾಗಿ ಆ ಕೆಲವು ವಾರಗಳಲ್ಲಿ ಗೋದಾಮಿನಲ್ಲಿರುವ ಒಂದೊಂದು ಚೀಲಕ್ಕೂ ಬೆಲೆಯುಂಟು.

ಈಗ ಇಂಡೆಂಟು ಬರೆಯಲು ಸದಸ್ಯರು ಕಚೇರಿಗೇ ಬರಬೇಕೆಂದಿಲ್ಲದ ಕಾಲ ಬಂದಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆಂದು ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ರೂ. 2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಸುಮಾರು 63,000 ಸಂಘಗಳನ್ನು ಅದರ ವ್ಯಾಪ್ತಿಗೆ ತಂದಿತು. ಕಚೇರಿಯೊಳಗಿನ ಲೆಕ್ಕ ಕಂಪ್ಯೂಟರಿಗೆ ಬಂದ ಮೇಲೆ, ಗೊಬ್ಬರಕ್ಕೂ ಮೈಲುತುತ್ತಕ್ಕೂ ಮನೆಯಿಂದಲೇ ಮೊಬೈಲಿನಲ್ಲಿ ಬೇಡಿಕೆ ಸಲ್ಲಿಸುವ ಅನುಕೂಲ ಬೇಕೆಂದು ಸದಸ್ಯರು ಕೇಳುವುದು ಸಹಜ. ಅನುಕೂಲ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಬರುವ ಒಂದು ತೊಡಕನ್ನು ಮೊದಲೇ ತಿಳಿದಿರುವುದು ಲೇಸು. ಒಂದು ಸಲ ಕಳುಹಿಸಿದ ಅರ್ಜಿ ಎರಡು ಸಲ ದಾಖಲಾಗುವುದೇ ಆ ತೊಡಕು.

ಒಬ್ಬ ಸದಸ್ಯರು 2 ಚೀಲ ಮೈಲುತುತ್ತಕ್ಕೆ ಮೊಬೈಲಿನಲ್ಲಿ ಇಂಡೆಂಟು ಕಳುಹಿಸಿದರೆಂದು ಭಾವಿಸೋಣ. ಅದು ಎರಡು ಸಲ ದಾಖಲಾದರೆ ಲೆಕ್ಕದಲ್ಲಿ 4 ಚೀಲವಾಯಿತು. ಅವರ ಖಾತೆಗೆ 4 ಚೀಲದ ಖರ್ಚು ಬಿತ್ತು. ಗೋದಾಮಿನ ದಾಸ್ತಾನಿನಲ್ಲಿ 4 ಚೀಲ ಕಡಿಮೆಯಾಯಿತು. ಇಂತಹವು ಹತ್ತಿಪ್ಪತ್ತು ಸೇರಿದರೆ, ಗೋದಾಮಿನಲ್ಲಿ ಚೀಲಗಳು ಕಣ್ಣಿಗೆ ಕಾಣುತ್ತಿದ್ದರೂ ಪರದೆಯ ಮೇಲೆ ‘ದಾಸ್ತಾನು ಇಲ್ಲ’ ಎಂದು ಬರುತ್ತದೆ. ಹಿಂದಿನಿಂದ ಬಂದ ಸಣ್ಣ ಬೆಳೆಗಾರ ಬರಿಗೈಯಲ್ಲಿ ಹೋಗಬೇಕಾಗುತ್ತದೆ. ಲೆಕ್ಕ ಸರಿಪಡಿಸುವವರೆಗೆ ಕೊಳೆರೋಗ ಕಾಯುವುದಿಲ್ಲ.

ಎರಡಾಗುವುದು ಹೇಗೆ?

ಇದು ಸದಸ್ಯರ ಅಜಾಗರೂಕತೆ ಎಂದು ಸುಲಭವಾಗಿ ಹೇಳಿಬಿಡಬಹುದು. ಅದು ಸರಿಯಲ್ಲ. ಅಂತರ್ಜಾಲ ಕೆಲಸ ಮಾಡುವ ಕ್ರಮದಲ್ಲಿಯೇ ಇದರ ಮೂಲವಿದೆ.

ನಮ್ಮ ಮೊಬೈಲಿನಲ್ಲಿ ಪುಟಗಳನ್ನು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದೂ, ಲೆಕ್ಕ ಇಟ್ಟುಕೊಂಡಿರುವ ದೂರದ ಕಂಪ್ಯೂಟರಿಗೆ ಸರ್ವರ್ ಎಂದೂ ಹೆಸರು. ಬ್ರೌಸರು ಸರ್ವರನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಕೇಳುತ್ತದೆ. ಮೊದಲನೆಯದು ‘ಗೆಟ್’. ಎಂದರೆ, ಇಂತಹ ಪುಟವನ್ನು ತೋರಿಸು ಎಂಬ ಕೋರಿಕೆ. ಎರಡನೆಯದು ‘ಪೋಸ್ಟ್’. ಎಂದರೆ, ಈ ಅರ್ಜಿಯನ್ನು ತೆಗೆದುಕೊಂಡು ಕ್ರಮ ಕೈಗೊಳ್ಳು ಎಂಬ ಸಲ್ಲಿಕೆ. ಗೆಟ್ ಎಂಬುದು ಖಾತೆ ಪುಸ್ತಕವನ್ನು ತೆರೆದು ನೋಡಿದಂತೆ. ನೂರು ಸಲ ನೋಡಿದರೂ ಬಾಕಿ ಬದಲಾಗದು. ಪೋಸ್ಟ್ ಎಂಬುದು ಪುಸ್ತಕದಲ್ಲಿ ಬರೆದಂತೆ. ಎರಡು ಸಲ ಮಾಡಿದರೆ ಎರಡು ಸಾಲು.

ಸದಸ್ಯರು ‘ಸಲ್ಲಿಸು’ ಗುಂಡಿ ಒತ್ತಿದಾಗ ಹೋಗುವುದು ಪೋಸ್ಟ್. ಸರಿಯಾಗಿ ರೂಪಿಸದ ವ್ಯವಸ್ಥೆಯಲ್ಲಿ, ಸರ್ವರು ಅರ್ಜಿಯನ್ನು ದಾಖಲಿಸಿಕೊಂಡು, ಆ ಪೋಸ್ಟಿಗೆ ಉತ್ತರವಾಗಿಯೇ ‘ನಿಮ್ಮ ಇಂಡೆಂಟು ಸ್ವೀಕೃತವಾಗಿದೆ’ ಎಂಬ ಪುಟವನ್ನು ಕಳುಹಿಸಿಬಿಡುತ್ತದೆ. ನೋಡುವವರಿಗೆ ಅದು ರಸೀದಿ. ಬ್ರೌಸರಿನ ಲೆಕ್ಕದಲ್ಲಾದರೋ ಅದು ಸಲ್ಲಿಕೆಯ ಉತ್ತರ. ಆ ಪುಟವನ್ನು ಮತ್ತೊಮ್ಮೆ ತರಿಸಬೇಕಾದರೆ ಸಲ್ಲಿಕೆಯನ್ನೇ ಮತ್ತೊಮ್ಮೆ ಮಾಡಬೇಕು. ಹೀಗಿರುವಾಗ ಸದಸ್ಯರು ರಿಫ್ರೆಶ್ ಒತ್ತಿದರೆ ಅಥವಾ ಬೆರಳಿನಿಂದ ಪರದೆಯನ್ನು ಕೆಳಗೆ ಎಳೆದರೆ, ಇಂಡೆಂಟು ಇನ್ನೊಮ್ಮೆ ಹೋಗುತ್ತದೆ.

ಹೋಗುವ ಮುನ್ನ ಬ್ರೌಸರು ಸಾಮಾನ್ಯವಾಗಿ ‘ಅರ್ಜಿಯನ್ನು ಮತ್ತೆ ಕಳುಹಿಸಬೇಕೇ?’ ಎಂದು ಕೇಳುತ್ತದೆ, ನಿಜ. ಆದರೆ ಆ ಪ್ರಶ್ನೆ ಅನೇಕ ಮೊಬೈಲುಗಳಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಮಾತೂ ಸ್ಪಷ್ಟವಿಲ್ಲ. ಮುಂದುವರಿಯಬೇಕೆಂದರೆ ಒಪ್ಪಬೇಕೇನೋ ಎಂದು ಒತ್ತುವವರೇ ಹೆಚ್ಚು. ಸಿಗ್ನಲ್ಲು ಬಂದು ಹೋಗುವ ನಮ್ಮ ಮಲೆನಾಡಿನ ಮೂಲೆಗಳಲ್ಲಿ, ಪುಟ ಅರ್ಧಕ್ಕೆ ನಿಂತಾಗ ಪರದೆ ಎಳೆಯದೆ ಸುಮ್ಮನೆ ಕೂರುವವರು ಯಾರು?

ಎರಡು ಕಿಟಕಿಗಳ ವ್ಯವಸ್ಥೆ

ಇದಕ್ಕೆ ಪರಿಹಾರ ಬಹಳ ಸರಳವಾದದ್ದು. ಹೊಸದೂ ಅಲ್ಲ. ಕಚೇರಿಯ ಉದಾಹರಣೆಯಿಂದಲೇ ತಿಳಿಯೋಣ.

ಒಂದು ಕಚೇರಿಯಲ್ಲಿ ಎರಡು ಕಿಟಕಿಗಳಿವೆ ಎಂದುಕೊಳ್ಳಿ. ಒಂದನೇ ಕಿಟಕಿಯ ಗುಮಾಸ್ತರು ಅರ್ಜಿಯನ್ನು ತೆಗೆದುಕೊಂಡು ಪುಸ್ತಕದಲ್ಲಿ ಬರೆಯುತ್ತಾರೆ. ಅಲ್ಲಿ ರಸೀದಿ ಕೊಡುವುದಿಲ್ಲ. ‘ನಿಮ್ಮದು 4127ನೇ ನಂಬರು, ಎರಡನೇ ಕಿಟಕಿಗೆ ಹೋಗಿ’ ಎಂದಷ್ಟೇ ಹೇಳಿ ಕಳುಹಿಸುತ್ತಾರೆ. ಎರಡನೇ ಕಿಟಕಿಯವರ ಬಳಿ ಬರೆಯುವ ಪುಸ್ತಕವೇ ಇಲ್ಲ. ನಂಬರು ಹೇಳಿದರೆ ರಸೀದಿ ತೋರಿಸುತ್ತಾರೆ. ಸಂಶಯ ಬಂದು ಮತ್ತೆ ಕೇಳಿದರೆ ಅದೇ ರಸೀದಿಯನ್ನು ಮತ್ತೆ ತೋರಿಸುತ್ತಾರೆ. ಸದಸ್ಯರು ನಿಂತು ಕಾಯುವುದು, ಮತ್ತೆ ಮತ್ತೆ ಕೇಳುವುದು ಎಲ್ಲವೂ ಎರಡನೇ ಕಿಟಕಿಯಲ್ಲಿ. ಆದುದರಿಂದ ಒಂದನೇ ಕಿಟಕಿಯ ಪುಸ್ತಕಕ್ಕೆ ಕುಂದಿಲ್ಲ.

ಅಂತರ್ಜಾಲದಲ್ಲಿ ಹೀಗೆ ಎರಡನೇ ಕಿಟಕಿಗೆ ಕಳುಹಿಸುವುದಕ್ಕೆ ರೀಡೈರೆಕ್ಟ್ ಎಂದು ಹೆಸರು. ಸರ್ವರು ಅರ್ಜಿಯನ್ನು ದಾಖಲಿಸಿದ ಕೂಡಲೇ ಪುಟವನ್ನು ಕಳುಹಿಸದೆ, ‘ಇಂತಹ ವಿಳಾಸದಲ್ಲಿ ರಸೀದಿ ಇದೆ, ಅಲ್ಲಿ ನೋಡು’ ಎಂಬ ಚಿಕ್ಕ ಉತ್ತರ ಕೊಡುತ್ತದೆ. ಬ್ರೌಸರು ತಾನಾಗಿಯೇ ಆ ವಿಳಾಸಕ್ಕೆ ಹೋಗಿ ಗೆಟ್ ಮೂಲಕ ರಸೀದಿಯನ್ನು ತರುತ್ತದೆ. ಸದಸ್ಯರು ಬೇರೆ ಏನನ್ನೂ ಒತ್ತಬೇಕಾಗಿಲ್ಲ. ಈಗ ಪರದೆಯ ಮೇಲಿರುವುದು ಗೆಟ್‌ನಿಂದ ಬಂದ ಪುಟ. ರಿಫ್ರೆಶ್ ಎಷ್ಟು ಸಲ ಒತ್ತಿದರೂ ರಸೀದಿಯೇ ಮತ್ತೆ ಕಾಣುತ್ತದೆಯೇ ಹೊರತು ಹೊಸ ಇಂಡೆಂಟು ಹುಟ್ಟುವುದಿಲ್ಲ. ಪೋಸ್ಟ್, ರೀಡೈರೆಕ್ಟ್, ಗೆಟ್ ಎಂಬ ಮೂರು ಹೆಜ್ಜೆಗಳ ಹೆಸರಿನಿಂದಲೇ ತಂತ್ರಾಂಶದವರು ಈ ಕ್ರಮವನ್ನು ಕರೆಯುತ್ತಾರೆ.

ಇದರಿಂದ ಇನ್ನೊಂದು ಲಾಭವೂ ಉಂಟು. ರಸೀದಿಗೆ ತನ್ನದೇ ಆದ ವಿಳಾಸವಿರುವುದರಿಂದ ಅದನ್ನು ಮರುದಿನವೂ ತೆರೆದು ನೋಡಬಹುದು, ಮುದ್ರಿಸಿಕೊಳ್ಳಬಹುದು. ಆದರೆ ವಿಳಾಸದಲ್ಲಿರುವ ನಂಬರನ್ನು ಬದಲಾಯಿಸಿ ಬೇರೆಯವರ ರಸೀದಿ ನೋಡುವ ಅವಕಾಶ ಇರಬಾರದು. ರಸೀದಿ ಕೇಳಿದವರು ಆ ಖಾತೆಯ ಸದಸ್ಯರೇ ಹೌದೇ ಎಂದು ಸರ್ವರು ಪ್ರತಿ ಸಲವೂ ನೋಡಬೇಕು.

303 ಎಂಬ ಸಂಖ್ಯೆ

ಸರ್ವರು ಕೊಡುವ ಪ್ರತಿಯೊಂದು ಉತ್ತರಕ್ಕೂ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. ಎಲ್ಲವೂ ಸರಿಯಾಗಿದ್ದರೆ 200, ಪುಟ ಸಿಗದಿದ್ದರೆ 404. 300ರ ಸಾಲಿನವು ಬೇರೆ ಕಡೆ ನೋಡು ಎಂಬ ಅರ್ಥದವು.

1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0 ನಿಯಮಾವಳಿಯಲ್ಲಿ ಈ ಕೆಲಸಕ್ಕೆ ಒದಗುತ್ತಿದ್ದುದು 302. ನಿಯಮದ ಪ್ರಕಾರ 302 ಬಂದರೆ ಮೊದಲಿನ ಬಗೆಯಲ್ಲಿಯೇ, ಅಂದರೆ ಪೋಸ್ಟ್ ಆಗಿದ್ದರೆ ಪೋಸ್ಟ್ ಆಗಿಯೇ, ಹೊಸ ವಿಳಾಸಕ್ಕೆ ಹೋಗಬೇಕಿತ್ತು. ಹೆಚ್ಚಿನ ಬ್ರೌಸರುಗಳು ಹಾಗೆ ಮಾಡದೆ ಗೆಟ್ ಆಗಿ ಬದಲಾಯಿಸಿಕೊಂಡು ಹೋಗುತ್ತಿದ್ದವು. ನಿಯಮ ಒಂದು, ನಡವಳಿಕೆ ಇನ್ನೊಂದು ಆಯಿತು. ಈ ಗೊಂದಲ ತೀರಲೆಂದು 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರಲ್ಲಿ 303ನ್ನು ಸೇರಿಸಲಾಯಿತು. ‘ಉತ್ತರ ಬೇರೆಡೆ ಇದೆ, ಅಲ್ಲಿಗೆ ಹೋಗಿ ಗೆಟ್ ಮೂಲಕ ನೋಡು’ ಎಂಬುದು ಅದರ ಸ್ಪಷ್ಟ ಅರ್ಥ. 1999ರ ಪರಿಷ್ಕರಣೆಯಲ್ಲಿ 307 ಬಂದಿತು. ಇದು 303ಕ್ಕೆ ತದ್ವಿರುದ್ಧ. ಪೋಸ್ಟ್ ಆಗಿ ಬಂದದ್ದು ಪೋಸ್ಟ್ ಆಗಿಯೇ ಮುಂದೆ ಹೋಗಬೇಕು ಎಂಬುದು ಅದರ ವಿಧಿ.

ಈ ಅಂಕಿಗಳು ಬೆಳೆಗಾರರಿಗೇಕೆ ಎಂದು ಕೇಳಬಹುದು. ಸಂಘಕ್ಕಾಗಿ ತಂತ್ರಾಂಶ ಮಾಡಿಸುವಾಗ ಒಪ್ಪಂದಕ್ಕೆ ಸಹಿ ಹಾಕುವವರು ಬೆಳೆಗಾರರೇ ಆದ ನಿರ್ದೇಶಕರು. ‘ಅರ್ಜಿ ಸ್ವೀಕರಿಸಿದ ಮೇಲೆ 303 ಕೊಡುತ್ತೀರಾ?’ ಎಂಬ ಒಂದು ಪ್ರಶ್ನೆ ಕೇಳಿದರೆ, ಎದುರಿನವರಿಗೆ ಕೆಲಸ ಎಷ್ಟು ಗೊತ್ತಿದೆ ಎಂಬುದು ತಿಳಿಯುತ್ತದೆ. ಅಡಿಕೆಯನ್ನು ಕತ್ತರಿಸಿ ನೋಡಿ ದರ ಹೇಳುವವರಿಗೆ ಇದು ದೊಡ್ಡ ವಿದ್ಯೆಯಲ್ಲ.

ರೀಡೈರೆಕ್ಟಿನಿಂದ ಆಗದ ಕೆಲಸ

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ರೀಡೈರೆಕ್ಟ್ ಕಾಪಾಡುವುದು ಎರಡನೇ ಕಿಟಕಿಗೆ ತಲುಪಿದ ಮೇಲೆ. ಅದಕ್ಕೆ ಮೊದಲು ಮೂರು ಸಂದರ್ಭಗಳಲ್ಲಿ ತೊಂದರೆ ಉಳಿದೇ ಇರುತ್ತದೆ.

1. ಉತ್ತರ ಬರುವ ಮೊದಲೇ ‘ಸಲ್ಲಿಸು’ ಗುಂಡಿಯನ್ನು ಎರಡು ಸಲ ಒತ್ತಿದರೆ ಎರಡು ಪೋಸ್ಟ್ ಹೋಗಬಹುದು.

2. ಅರ್ಜಿ ಸರ್ವರಿಗೆ ತಲುಪಿ ದಾಖಲಾಗಿರುತ್ತದೆ. ಅಷ್ಟರಲ್ಲಿ ಸಿಗ್ನಲ್ಲು ಹೋಗಿ ಉತ್ತರ ಇತ್ತ ಬಂದಿರುವುದಿಲ್ಲ. ತಲುಪಿಲ್ಲವೆಂದು ತಿಳಿದು ಸದಸ್ಯರು ಮತ್ತೆ ಕಳುಹಿಸುತ್ತಾರೆ.

3. ರಸೀದಿ ನೋಡಿದ ಮೇಲೆ ‘ಹಿಂದೆ’ ಗುಂಡಿ ಒತ್ತಿ ತುಂಬಿದ ಅರ್ಜಿಗೇ ಹಿಂದಿರುಗಿ, ಮರೆತು ಇನ್ನೊಮ್ಮೆ ಸಲ್ಲಿಸುತ್ತಾರೆ.

ಒಂದು ಸಲ ಒತ್ತಿದ ಕೂಡಲೇ ಗುಂಡಿಯನ್ನು ನಿಷ್ಕ್ರಿಯಗೊಳಿಸುವುದು ಮೊದಲನೆಯದಕ್ಕೆ ಸ್ವಲ್ಪ ಮಟ್ಟಿಗೆ ಸಹಾಯಕ. ಮಾಡಿಸುವುದು ಒಳ್ಳೆಯದು. ಆದರೆ ಅದು ಬೇಲಿಗೆ ಕಟ್ಟಿದ ಹಗ್ಗವಿದ್ದಂತೆ. ಅದನ್ನೇ ನಂಬಿ ಕೂರುವಂತಿಲ್ಲ. ಎರಡನೆಯ ಸಂದರ್ಭಕ್ಕೆ ಅದು ಉಪಯೋಗಕ್ಕೇ ಬಾರದು.

ಅರ್ಜಿಯ ಮೇಲೊಂದು ಕ್ರಮಸಂಖ್ಯೆ

ಇದಕ್ಕೆ ಮದ್ದು ನಮ್ಮ ಹಳೆಯ ಇಂಡೆಂಟು ಪುಸ್ತಕದಲ್ಲಿಯೇ ಇದೆ. ಅದರ ಪ್ರತಿ ಹಾಳೆಯ ಮೇಲೆ ಮುದ್ರಿತ ಕ್ರಮಸಂಖ್ಯೆ ಇರುತ್ತಿತ್ತಲ್ಲವೇ? ಅದೇ ಹಾಳೆಯನ್ನು ಎರಡು ಸಲ ತಂದುಕೊಟ್ಟರೆ, ‘ಇದು ಆಗಲೇ ಬಂದಿದೆ’ ಎಂದು ಗುಮಾಸ್ತರು ಹಿಂದಿರುಗಿಸುತ್ತಿದ್ದರು.

ಪರದೆಯ ಮೇಲಿನ ಅರ್ಜಿಗೂ ಹಾಗೆಯೇ ಮಾಡಬೇಕು. ಸದಸ್ಯರು ಖಾಲಿ ಅರ್ಜಿಯನ್ನು ತೆರೆದಾಗಲೇ ಸರ್ವರು ಅದರಲ್ಲಿ ಒಂದು ಸಂಖ್ಯೆಯನ್ನು ಅಡಗಿಸಿ ಕೊಡಬೇಕು. ಊಹಿಸಲಾಗದಂತಹ ಉದ್ದನೆಯ ಸಂಖ್ಯೆ ಇರುವುದು ಮೇಲು. ಸಲ್ಲಿಸುವಾಗ ಆ ಸಂಖ್ಯೆಯೂ ಜೊತೆಗೆ ಬರುತ್ತದೆ. ಅದು ಮೊದಲ ಸಲ ಬಂದರೆ ದಾಖಲಿಸಿ ರಸೀದಿಗೆ ಕಳುಹಿಸುವುದು. ಎರಡನೇ ಸಲ ಬಂದರೆ ಹೊಸದಾಗಿ ದಾಖಲಿಸದೆ, ತಪ್ಪು ಎಂದು ಗದರಿಸದೆ, ಮೊದಲಿನ ರಸೀದಿಗೇ ಕಳುಹಿಸುವುದು. ಸದಸ್ಯರು ಕಾಣಬೇಕಾದದ್ದೂ ಅದನ್ನೇ. ಹೀಗೆ ಮಾಡಿದಾಗ ಮೇಲೆ ಹೇಳಿದ ಮೂರೂ ಸಂದರ್ಭಗಳು ನಿವಾರಣೆಯಾಗುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ಒಂದು ಸಂಖ್ಯೆಗೆ ಒಂದೇ ಸಾಲು ಎಂಬ ನಿರ್ಬಂಧ ಡೇಟಾಬೇಸಿನಲ್ಲಿಯೇ ಇರಬೇಕು. ಒಂದೇ ಅರ್ಜಿಯ ಎರಡು ಪ್ರತಿಗಳು ಕ್ಷಣದ ಅಂತರದಲ್ಲಿ ಬಂದಾಗ, ಇಬ್ಬರು ಗುಮಾಸ್ತರು ಒಟ್ಟಿಗೇ ಪುಸ್ತಕ ನೋಡಿ ‘ಈ ನಂಬರು ಇನ್ನೂ ಬಂದಿಲ್ಲ’ ಎಂದು ಇಬ್ಬರೂ ಬರೆದುಬಿಡುವ ಸಂಭವವಿದೆ. ಮೊದಲು ನೋಡಿ ಆಮೇಲೆ ಬರೆಯುವ ಕ್ರಮ ಸಾಲದು. ಎರಡನೆಯ ಬರಹವನ್ನು ಪುಸ್ತಕವೇ ನಿರಾಕರಿಸುವಂತಿರಬೇಕು.

ಎರಡನೆಯದಾಗಿ, ಅದೇ ದಿನ ಅದೇ ಸದಸ್ಯರಿಂದ ಅಷ್ಟೇ ಚೀಲಕ್ಕೆ ಬೇಡಿಕೆ ಬಂದರೆ ತಿರಸ್ಕರಿಸುವುದು ಎಂಬ ಅಡ್ಡದಾರಿ ಬೇಡ. ಒಬ್ಬರಿಗೇ ಎರಡು ಕಡೆ ತೋಟವಿರಬಹುದು. ಬೆಳಿಗ್ಗೆ 2 ಚೀಲ ಕೇಳಿ, ಸಂಜೆ ಕೊನೆಗಾರರು ಲೆಕ್ಕ ಹೇಳಿದ ಮೇಲೆ ಇನ್ನೂ 2 ಬೇಕೆನಿಸಬಹುದು. ನಿಜವಾದ ಬೇಡಿಕೆಯನ್ನು ತಳ್ಳಿಹಾಕುವುದೂ ಅನ್ಯಾಯವೇ. ಹೋಲಿಸಬೇಕಾದದ್ದು ಅರ್ಜಿಯ ಕ್ರಮಸಂಖ್ಯೆಯನ್ನು, ಚೀಲದ ಲೆಕ್ಕವನ್ನಲ್ಲ. ಹೊಸದಾಗಿ ಬೇಕಾದವರು ಹೊಸ ಅರ್ಜಿ ತೆರೆಯುತ್ತಾರೆ, ಅದಕ್ಕೆ ಹೊಸ ಸಂಖ್ಯೆ ಬರುತ್ತದೆ.

ಹಣ ಪಾವತಿಯ ವಿಷಯ

ಇಂಡೆಂಟಿನ ಜೊತೆಗೆ ಹಣವನ್ನೂ ಪರದೆಯಲ್ಲಿಯೇ ಕಟ್ಟುವ ವ್ಯವಸ್ಥೆಯಿದ್ದರೆ ಜಾಗರೂಕತೆ ಇಮ್ಮಡಿಯಾಗಬೇಕು. ‘ರಿಫ್ರೆಶ್ ಅಥವಾ ಬ್ಯಾಕ್ ಒತ್ತಬೇಡಿ’ ಎಂಬ ಸೂಚನೆಯನ್ನು ಪಾವತಿ ಪುಟಗಳಲ್ಲಿ ಎಲ್ಲರೂ ನೋಡಿರುತ್ತೇವೆ. ಆ ಸೂಚನೆಯನ್ನು ಪಾಲಿಸಿ. ಆದರೆ ಸಂಘದ ಪುಟವು ಈ ಸೂಚನೆಯ ಮೇಲೆಯೇ ನಿಂತಿರಬಾರದು. ಹಣ ಕಟ್ಟಿದ ಮೇಲೆ ಪಾವತಿ ಸಂಸ್ಥೆಯ ಪುಟದಿಂದ ಸಂಘದ ಪುಟಕ್ಕೆ ಹಿಂದಿರುಗುವ ಹೆಜ್ಜೆಯೂ ಕೆಲವು ವ್ಯವಸ್ಥೆಗಳಲ್ಲಿ ಪೋಸ್ಟ್ ಆಗಿರುತ್ತದೆ. ಅಲ್ಲಿಯೂ ದಾಖಲಿಸಿದ ಕೂಡಲೇ ರೀಡೈರೆಕ್ಟ್ ಆಗಬೇಕು. ಒಂದು ಪಾವತಿ ಸಂಖ್ಯೆ ಒಂದೇ ಸಲ ಜಮೆಯಾಗಬೇಕು.

2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಹಣ ಕಡಿತವಾಗಿಯೂ ತಲುಪದಿದ್ದರೆ ಏನು ಎಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗೊತ್ತುಪಡಿಸಿದೆ. ಹಣ ವರ್ಗಾವಣೆಯಲ್ಲಿ ಎದುರಿನ ಖಾತೆಗೆ ಜಮೆಯಾಗದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಪಾವತಿ ಮಾಡಿದ್ದು ಅಲ್ಲಿ ದೃಢಪಡದಿದ್ದರೆ 5 ದಿನಗಳೊಳಗೆ ಹಣ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ ರೂ. 100ರಂತೆ ಪರಿಹಾರ. ಆದರೆ ಗಮನಿಸಿ. ಇದು ವಿಫಲವಾದ ಪಾವತಿಗೆ ಮಾತ್ರ. ಅವಸರಪಟ್ಟು ಎರಡು ಸಲ ಕಟ್ಟಿ, ಎರಡೂ ಸಂಘದ ಖಾತೆಗೆ ಜಮೆಯಾಗಿದ್ದರೆ ಅವೆರಡೂ ಸಫಲವಾದ ಪಾವತಿಗಳೇ. ಹಣವನ್ನು ಸಂಘದಿಂದಲೇ ಹಿಂದಕ್ಕೆ ಪಡೆಯಬೇಕು.

ಆಡಳಿತ ಮಂಡಳಿ ಮಾಡಬಹುದಾದ ಪರೀಕ್ಷೆ

ತಂತ್ರಾಂಶವನ್ನು ಒಪ್ಪಿಕೊಳ್ಳುವ ಮೊದಲು, ನಿಜವಾದ ಲೆಕ್ಕಕ್ಕೆ ತಾಗದ ಪರೀಕ್ಷಾ ಪ್ರತಿಯಲ್ಲಿ ಕೆಳಗಿನವನ್ನು ಮಾಡಿ ನೋಡಬೇಕು. ಇದಕ್ಕೆ ಒಂದು ಮೊಬೈಲು ಸಾಕು.

1. ಒಂದು ಇಂಡೆಂಟು ಸಲ್ಲಿಸಿ. ರಸೀದಿ ಬಂದ ಮೇಲೆ ಮೂರು ಸಲ ರಿಫ್ರೆಶ್ ಮಾಡಿ. ‘ಮತ್ತೆ ಕಳುಹಿಸಬೇಕೇ?’ ಎಂಬ ಪ್ರಶ್ನೆ ಬರಬಾರದು. ಪಟ್ಟಿಯಲ್ಲಿ ಒಂದೇ ಇಂಡೆಂಟು ಇರಬೇಕು.

2. ‘ಹಿಂದೆ’ ಗುಂಡಿ ಒತ್ತಿ, ಅದೇ ಅರ್ಜಿಯನ್ನು ಇನ್ನೊಮ್ಮೆ ಸಲ್ಲಿಸಿ. ಮೊದಲಿನ ರಸೀದಿಯೇ ಕಾಣಬೇಕು.

3. ಇನ್ನೊಂದು ಅರ್ಜಿಯಲ್ಲಿ ‘ಸಲ್ಲಿಸು’ ಗುಂಡಿಯನ್ನು ಪಟಪಟನೆ ನಾಲ್ಕೈದು ಸಲ ಒತ್ತಿ. ದಾಖಲಾಗಬೇಕಾದದ್ದು ಒಂದು.

4. ಸಲ್ಲಿಸಿದ ಕೂಡಲೇ ಮೊಬೈಲಿನ ಡೇಟಾ ಆಫ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ ಅದೇ ಅರ್ಜಿಯನ್ನು ಮತ್ತೆ ಸಲ್ಲಿಸಿ. ಆಗಲೂ ಒಂದೇ ಇರಬೇಕು.

5. ರಸೀದಿಯ ವಿಳಾಸವನ್ನು ಬೇರೊಬ್ಬ ಸದಸ್ಯರ ಲಾಗಿನ್‌ನಲ್ಲಿ ತೆರೆಯಲು ಪ್ರಯತ್ನಿಸಿ. ತೆರೆಯಬಾರದು.

ಈ ಐದರಲ್ಲಿ ಒಂದು ತಪ್ಪಿದರೂ ತಂತ್ರಾಂಶ ಮಾಡಿದವರಿಂದ ಸರಿಪಡಿಸಿಕೊಂಡೇ ಉಳಿದ ಹಣ ಪಾವತಿ ಮಾಡುವುದು ಉಚಿತ. ಪ್ರಾರಂಭದಲ್ಲಿಯೇ ಮಾಡಿಸಿದರೆ ಇದು ದೊಡ್ಡ ಕೆಲಸವಲ್ಲ. ಲೆಕ್ಕ ಕೆಟ್ಟ ಮೇಲೆ ಒಂದೊಂದೇ ಸಾಲು ಹುಡುಕಿ ತಿದ್ದುವುದು ದೊಡ್ಡ ಕೆಲಸ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು.

ಈಗಾಗಲೇ ಎರಡಾಗಿರುವ ನಮೂದುಗಳಿದ್ದಲ್ಲಿ ಅವನ್ನು ಅಳಿಸಿಹಾಕಬಾರದು. ಕಾರಣ ಬರೆದು, ರದ್ದತಿಯ ಪ್ರತಿನಮೂದು ಹಾಕಿ, ಸದಸ್ಯರಿಗೂ ತಿಳಿಸಬೇಕು. ಅಳಿಸಿದ ಸಾಲು ಲೆಕ್ಕ ಪರಿಶೋಧಕರಿಗೆ ಉತ್ತರ ಹೇಳುವುದಿಲ್ಲ.

ಸದಸ್ಯರು ಗಮನಿಸಬೇಕಾದುದು

ರಸೀದಿ ಕಾಣದಿದ್ದಾಗ ಮತ್ತೆ ಸಲ್ಲಿಸುವ ಮೊದಲು ‘ನನ್ನ ಇಂಡೆಂಟುಗಳು’ ಎಂಬಂತಹ ಪಟ್ಟಿ ಇದ್ದರೆ ಅದನ್ನು ತೆರೆದು ನೋಡಿ. ಅಲ್ಲಿ ಇದ್ದರೆ ಕೆಲಸ ಆಗಿದೆ ಎಂದರ್ಥ. ಹಣ ಕಡಿತವಾಗಿದ್ದರೆ ಪಾವತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕಚೇರಿಗೆ ತಿಳಿಸಿ. ಬ್ರೌಸರು ‘ಮತ್ತೆ ಕಳುಹಿಸಬೇಕೇ?’ ಎಂದು ಕೇಳಿದರೆ ‘ಬೇಡ’ ಎನ್ನಿ. ತಿಂಗಳಿಗೊಮ್ಮೆ ಖಾತೆಯ ವಿವರ ನೋಡಿ, ಒಂದೇ ವಸ್ತು ಎರಡು ಸಲ ಬಂದಿದ್ದರೆ ಸಂಕೋಚಪಡದೆ ಕೇಳಿ.

ತೂಕದ ಚೀಟಿ ಒಂದಾದರೆ ಜಮೆಯೂ ಒಂದೇ ಎಂಬ ನಂಬಿಕೆಯ ಮೇಲೆ ಸಹಕಾರ ಸಂಘಗಳು ನಡೆದು ಬಂದಿವೆ. ಪುಸ್ತಕ ಹೋಗಿ ಪರದೆ ಬಂದರೂ ಆ ನಂಬಿಕೆ ಉಳಿಯಬೇಕು. ಅದನ್ನು ಉಳಿಸುವ ಹೊಣೆ ಸಿಗ್ನಲ್ಲಿಲ್ಲದ ತೋಟದ ಮೂಲೆಯಲ್ಲಿ ನಿಂತು ಗುಂಡಿ ಒತ್ತುವ ಸದಸ್ಯರದ್ದಲ್ಲ, ವ್ಯವಸ್ಥೆಯನ್ನು ಮಾಡಿಸುವವರದ್ದು. ಮುಂದಿನ ಮುಂಗಾರಿನೊಳಗೆ ಪ್ರತಿಯೊಂದು ಸಂಘದ ಆಡಳಿತ ಮಂಡಳಿಯೂ ಮೇಲಿನ ಐದು ಪರೀಕ್ಷೆಗಳನ್ನು ಮಾಡಿ ಮುಗಿಸಲಿ ಎಂಬುದು ನಮ್ಮ ಕೋರಿಕೆ.